ಆಡನಾವ್ ಕೇಳಿದವರಿಗೆ ಏನು ಹೇಳುವುದು?

(ಮುಂಬಯಿಯ ಮಾಟುಂಗದಲ್ಲಿ ಕನ್ನಡ ಬಳಗವೊಂದರ ಭಾನುವಾರದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಮಯವಿಲ್ಲದೆ ಅಂದು ಬಿಟ್ಟ ಒಂದೆರಡು ಮಾತುಗಳನ್ನು ಇಲ್ಲಿ ಸೇರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಎತ್ತಿದ ಪ್ರಶ್ನೆಯನ್ನೂ ಉಳಿಸಿಕೊಂಡಿದ್ದೇನೆ.)

ಬಂಧುಗಳೇ,

ನನ್ನ ತಂದೆ ಅರಕಲಗೂಡಿನಿಂದ ಮುಂಬಯಿಗೆ ಬಂದದ್ದು 1958ರಲ್ಲಿ. ಅವರ ಹೆಸರಿನ ಮುಂದೆ ಎರಡು ಇನಿಷಿಯಲ್‌ಗಳಿದ್ದವು. ಒಂದು ಊರಿನದು, ಇನ್ನೊಂದು ಅವರ ತಂದೆಯದು. ಅದಾದ ಮೇಲೆ ಅವರ ಸ್ವಂತ ಹೆಸರು. ಹಳೆ ಮೈಸೂರಿನ ಕಡೆ ಬಹುಪಾಲು ಜನರಿಗೆ ಇದಕ್ಕಿಂತ ಹೆಚ್ಚಿನ ಹೆಸರು ಬೇಕಾಗಿರಲಿಲ್ಲ. ನನ್ನನ್ನು ಶಾಲೆಗೆ ಸೇರಿಸಲು ಹೋದ ದಿನ ಅಲ್ಲಿನ ಗುಮಾಸ್ತರು ಅರ್ಜಿಯನ್ನು ಎದುರಿಗೆ ಎಳೆದುಕೊಂಡು, “ಆಡನಾವ್ ಕಾಯ್?” ಎಂದು ಕೇಳಿದರು. ಮನೆತನದ ಹೆಸರು ಏನು ಎಂದು. ತಂದೆ ತಮಗೆ ಅಂಥದ್ದಿಲ್ಲ ಎಂದರು. ಗುಮಾಸ್ತರು ಒರಟು ಮನುಷ್ಯರಲ್ಲ. ಆದರೆ ಖಾನೆ ಖಾಲಿ ಬಿಡುವ ಹಾಗಿರಲಿಲ್ಲ. “ಊರು ಯಾವುದು?” ಎಂದು ಕೇಳಿ ಅದನ್ನೇ ಬರೆದರು. ನಾಲ್ಕನೇ ತರಗತಿಯ ಹೊತ್ತಿಗೆ ಯಾರೋ ಮೇಷ್ಟ್ರು ಅದರ ಕೊನೆಗೊಂದು ‘ಕರ್’ ಸೇರಿಸಿದ್ದರು. ಮೂರು ವರ್ಷದ ನಂತರ ನನ್ನ ತಮ್ಮನನ್ನು ಬೇರೆ ಶಾಲೆಗೆ ಸೇರಿಸಿದಾಗ, ಅಲ್ಲಿನವರು ತಂದೆಯ ಹೆಸರನ್ನೇ ಕೊನೆಯ ಖಾನೆಗೆ ಹಾಕಿದರು. ಒಂದೇ ತಾಯಿಯ ಮಕ್ಕಳು, ಒಂದೇ ಖೋಲಿಯಲ್ಲಿ ಮಲಗುತ್ತಿದ್ದವರು, ಕಾಗದದ ಮೇಲೆ ಎರಡು ಮನೆತನದವರಾದೆವು. ಮುಂದೆ ತಂದೆ ತೀರಿಕೊಂಡಾಗ, ನಾವಿಬ್ಬರೂ ಅವರ ಮಕ್ಕಳೇ ಎಂದು ಪ್ರಮಾಣಪತ್ರ ಮಾಡಿಸಬೇಕಾಯಿತು.

ಮೂವತ್ತು ವರ್ಷಕ್ಕೂ ಮಿಕ್ಕಿ ಈ ನಗರದಲ್ಲಿ ಸಮಾಜಶಾಸ್ತ್ರ ಕಲಿಸಿದ್ದೇನೆ. ವ್ಯಕ್ತಿಯ ಗುರುತು, ಗುಂಪಿನ ಗುರುತು ಎಂಬ ಪಾಠ ಬಂದಾಗಲೆಲ್ಲ ಪುಸ್ತಕ ತೆರೆಯುವ ಮೊದಲು ನನಗೆ ನೆನಪಾಗುತ್ತಿದ್ದದ್ದು ಆ ಗುಮಾಸ್ತರ ಪೆನ್ನು.

ನಮ್ಮ ಭಾಷೆಯಲ್ಲಿ ಈ ವಿಷಯಕ್ಕೆ ಎರಡು ಪದಗಳು ಬಳಕೆಯಲ್ಲಿವೆ. ಭಾಷಣಗಳಲ್ಲಿ, ಸಂಪಾದಕೀಯಗಳಲ್ಲಿ ಬರುವುದು ‘ಅಸ್ಮಿತೆ’. ‘ಅಸ್ಮಿ’ ಎಂದರೆ ‘ನಾನು ಇದ್ದೇನೆ’. ಪತಂಜಲಿಯ ಯೋಗಸೂತ್ರದಲ್ಲಿ ಅಸ್ಮಿತೆ ಐದು ಕ್ಲೇಶಗಳಲ್ಲಿ ಒಂದು, ಅವಿದ್ಯೆಯ ಬೆನ್ನಿಗೇ ಬರುತ್ತದೆ. ಅದು ಇಂದು ಹೆಮ್ಮೆಯ ಪದವಾಗಿದೆ. ಇನ್ನೊಂದು ಪದ ಮನೆಯಲ್ಲೂ ಬೀದಿಯಲ್ಲೂ ಓಡಾಡುವ ‘ಗುರುತು’. ಗುರುತನ್ನು ನಾವು ‘ಹಿಡಿಯುತ್ತೇವೆ’. ನನ್ನ ಗುರುತನ್ನು ನಾನೇ ಹಿಡಿಯಲು ಬರುವುದಿಲ್ಲ, ನೀವು ಹಿಡಿಯಬೇಕು. ಪರಿಚಯವಿರುವವರನ್ನು ‘ಗುರುತಿನವರು’ ಎನ್ನುತ್ತೇವೆ. ಅಸ್ಮಿತೆ ಒಳಗಿನಿಂದ ಹೊರಗೆ ನೋಡುವ ಪದ. ಗುರುತು ಇನ್ನೊಬ್ಬರ ಕಣ್ಣಿನಲ್ಲಿ ಹುಟ್ಟುವ ಪದ. ನಾನು ಇಂದು ಹೇಳಬೇಕೆಂದಿರುವುದು ಇಷ್ಟು: ಗುರುತು ಮೊದಲು ಬರುತ್ತದೆ, ಅಸ್ಮಿತೆ ಆಮೇಲೆ. ಯಾರೋ ಎಲ್ಲೋ ನಮ್ಮನ್ನು ಒಂದು ಪ್ರಶ್ನೆ ಕೇಳುತ್ತಾರೆ. ಉತ್ತರ ಕೊಡುತ್ತಾ ಕೊಡುತ್ತಾ ನಾವು ಆ ಉತ್ತರವೇ ಆಗುತ್ತೇವೆ.

ಇದು ನನ್ನ ಸ್ವಂತ ಕಾಣ್ಕೆಯಲ್ಲ. ಅಮೆರಿಕದ ಚಾರ್ಲ್ಸ್ ಕೂಲಿ 1902ರಲ್ಲೇ ‘ಕನ್ನಡಿಯ ನಾನು’ ಎಂಬ ಮಾತನ್ನು ಮುಂದಿಟ್ಟ. ಇನ್ನೊಬ್ಬರಿಗೆ ನಾವು ಹೇಗೆ ಕಾಣುತ್ತೇವೆ, ಅದನ್ನು ಅವರು ಹೇಗೆ ತೂಗುತ್ತಾರೆ ಎಂದು ಊಹಿಸಿಕೊಂಡು ನಾವು ಹಿಗ್ಗುತ್ತೇವೆ, ಇಲ್ಲವೇ ಕುಗ್ಗುತ್ತೇವೆ. ಶಿಕಾಗೋದ ಜಾರ್ಜ್ ಹರ್ಬರ್ಟ್ ಮೀಡ್ ಅದನ್ನು ಇನ್ನಷ್ಟು ಆಳಕ್ಕೆ ಒಯ್ದ. ಮಗು ಆಟದಲ್ಲಿ ಅಮ್ಮನಾಗುತ್ತದೆ, ಅಂಗಡಿಯವನಾಗುತ್ತದೆ, ಹೀಗೆ ಬೇರೆಯವರ ಜಾಗದಲ್ಲಿ ನಿಂತು ತನ್ನನ್ನೇ ನೋಡಲು ಕಲಿಯುತ್ತದೆ. ಹಾಗೆ ನೋಡಲು ಬಂದ ಮೇಲೆಯೇ ಅದಕ್ಕೆ ‘ನಾನು’ ಎಂಬುದು ಸಿಕ್ಕುವುದು. ಇವರಿಬ್ಬರ ಬಗ್ಗೆ ಇಷ್ಟು ಸಾಕು. ನಾನು ನಿಲ್ಲಬೇಕೆಂದಿರುವುದು ಒಂದು ಅಡುಗೆಮನೆಯ ಬಾಗಿಲಿನಲ್ಲಿ.

ಅರ್ವಿಂಗ್ ಗಾಫ್‌ಮನ್ ಕೆನಡಾದಲ್ಲಿ ಹುಟ್ಟಿದವನು. ತನ್ನ ಸಂಶೋಧನೆಗಾಗಿ ಅವನು 1949ರಿಂದ 1951ರ ನಡುವೆ ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಶೆಟ್‌ಲೆಂಡ್ ದ್ವೀಪಗಳಲ್ಲಿ ತಂಗಿದ್ದ. ಅಲ್ಲಿ ಪ್ರವಾಸಿಗರಿಗಾಗಿ ಒಂದು ಚಿಕ್ಕ ಹೋಟೆಲು. ನಡೆಸುವವರು ಅಲ್ಲಿನದೇ ಬೇಸಾಯದ ಕುಟುಂಬದವರು. ಊಟದ ಕೋಣೆಯಲ್ಲಿ ಅವರದು ಬ್ರಿಟಿಷ್ ಮಧ್ಯಮ ವರ್ಗದ ನಯ. ಅಡುಗೆಮನೆಗೆ ಕಾಲಿಟ್ಟರೆ ದ್ವೀಪದ ನುಡಿ, ದ್ವೀಪದ ಸಲಿಗೆ. ನಡುವಿನ ಬಾಗಿಲಿನ ಬಗ್ಗೆ ದಿನವೂ ಜಗ್ಗಾಟ ನಡೆಯುತ್ತಿತ್ತು. ತಟ್ಟೆ ಹೊತ್ತು ಓಡಾಡುವ ಹುಡುಗಿಯರಿಗೆ ಬಾಗಿಲು ತೆರೆದಿರಬೇಕು. ಒಳಗಿನ ರೀತಿ ಅತಿಥಿಗಳ ಕಣ್ಣಿಗೆ ಬೀಳಬಾರದೆಂದು ಯಜಮಾನರಿಗೆ ಅದು ಮುಚ್ಚಿರಬೇಕು. ಮನುಷ್ಯ ಪ್ರತಿದಿನ ರಂಗದ ಮೇಲೊಂದು, ರಂಗದ ಹಿಂದೊಂದು ಬದುಕನ್ನು ಬದುಕುತ್ತಾನೆ ಎಂಬ ಅವನ ಪ್ರಸಿದ್ಧ ಸಿದ್ಧಾಂತಕ್ಕೆ ಈ ಬಾಗಿಲು ಒಂದು ಮುಖ್ಯ ಸಾಕ್ಷಿ.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಕಿಂಗ್ಸ್ ಸರ್ಕಲ್‌ನ ಕಡೆ ನಡೆದೆ. ಏಕೆಂದರೆ ಆ ಬಾಗಿಲನ್ನು ನಾನು ಬಾಲ್ಯದಿಂದ ನೋಡಿದ್ದೆ. ನಮ್ಮ ಓಣಿಯ ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕುಳಿತವರು ಗಿರಾಕಿಯ ಮುಖ ನೋಡಿ ಮರಾಠಿ, ಗುಜರಾತಿ, ಹಿಂದಿ ಎಂದು ಮಾತು ಬದಲಿಸುತ್ತಿದ್ದರು. ಸಪ್ಲೈಯರ್ ಹುಡುಗ ಮೇಜಿನ ಬಳಿ “ದೋ ಇಡ್ಲಿ, ಏಕ್ ಸಾದಾ” ಎನ್ನುತ್ತಿದ್ದವನು, ಒಳಬಾಗಿಲು ದಾಟಿದ ಕೂಡಲೇ ತುಳುವಿಗೆ ಹೊರಳುತ್ತಿದ್ದ. ಒಳಗೆ ಅವನಿಗೊಂದು ಹೆಸರಿತ್ತು, ಒಂದು ಮನೆಯಿತ್ತು, ಕಾರ್ಕಳದ ಹತ್ತಿರದ ಒಂದು ಗುತ್ತಿನ, ಅಂದರೆ ಊರಿನ ಹಿರಿಯ ಮನೆತನದ, ಜೊತೆ ಸಂಬಂಧವಿತ್ತು. ಹೊರಗೆ ಅವನು ‘ಅಣ್ಣಾ’. ಗಲ್ಲಾದವರೂ ಅಣ್ಣಾ, ಮೇಜು ಒರೆಸುವವನೂ ಅಣ್ಣಾ. ನಮ್ಮಲ್ಲಿ ಒಡಹುಟ್ಟಿದವರಿಗೆ, ಹಿರಿಯರಿಗೆ ಇರುವ ಆ ಪದ ಈ ನಗರದಲ್ಲಿ ದಕ್ಷಿಣದಿಂದ ಬಂದ ಒಂದು ಇಡೀ ಜನಕ್ಕೆ ಸಲ್ಲುವ ಹೆಸರಾಯಿತು. ಅದರಲ್ಲಿ ಪ್ರೀತಿಯೂ ಇದೆ. ಆದರೆ ಹತ್ತು ಜನರನ್ನು ಒಂದೇ ಹೆಸರಿನಿಂದ ಕರೆದಾಗ ಹತ್ತು ಜನರ ಮುಖವೂ ಮರೆಯಾಗುತ್ತದೆ. ಆ ಹುಡುಗರಲ್ಲಿ ಹಲವರು ಕೆಲಸ ಮುಗಿಸಿ ಕನ್ನಡದ ರಾತ್ರಿ ಶಾಲೆಗಳಿಗೆ ಹೋದರು, ಮೆಟ್ರಿಕ್ ಮುಗಿಸಿದರು, ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು. ರಾತ್ರಿ ಶಾಲೆಯ ಹಾಜರಿಪುಸ್ತಕದಲ್ಲಿ ಅವರ ಪೂರ್ತಿ ಹೆಸರನ್ನು ದಿನವೂ ಗಟ್ಟಿಯಾಗಿ ಕೂಗುತ್ತಿದ್ದರು. ಅದು ಸಣ್ಣ ಸಂಗತಿ ಎಂದು ನನಗೆ ಅನ್ನಿಸುವುದಿಲ್ಲ.

‘ಅಣ್ಣಾ’ನಿಗಿಂತ ದೊಡ್ಡ ಚೀಲ ‘ಮದರಾಸಿ’. ನಮ್ಮ ಹಿರಿಯರು ಈ ಪದಕ್ಕೆ ನೊಂದುಕೊಳ್ಳುತ್ತಿದ್ದರು. ಆದರೆ 1940ರ ಸುಮಾರಿನಲ್ಲಿ ಮಾಟುಂಗದ ಯಾವುದೋ ಊಟದ ಮನೆಯ ಪಂಕ್ತಿಯಲ್ಲಿ ಮೂವರು ಕನ್ನಡಿಗರು ಅಕ್ಕಪಕ್ಕ ಕುಳಿತಿದ್ದಾರೆ ಎಂದುಕೊಳ್ಳಿ. ಉಡುಪಿಯವನು ಮದ್ರಾಸ್ ಪ್ರಾಂತದ ಪ್ರಜೆ. ಆ ಅರ್ಥದಲ್ಲಿ ಅವನನ್ನು ಮದರಾಸಿ ಎಂದರೆ ಸರ್ಕಾರಿ ದಾಖಲೆಯ ಪ್ರಕಾರ ತಪ್ಪೇನಿಲ್ಲ. ಹಾಸನದವನು ಮೈಸೂರು ಮಹಾರಾಜರ ಪ್ರಜೆ. ಧಾರವಾಡದವನೋ, ಮುಂಬಯಿ ಪ್ರಾಂತದವನು. ಅವನು ವಲಸೆ ಬಂದವನೇ ಅಲ್ಲ, ತನ್ನ ರಾಜಧಾನಿಗೆ ಬಂದವನು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳ ಕಾಗದಪತ್ರಗಳು ಮುಂಬಯಿಗೆ ಬರುತ್ತಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು. ಧಾರವಾಡದವನು ಪರಳದ ಚಾಳಿನಲ್ಲಿ ಅದೇ ಚಾಪೆಯ ಮೇಲೆ ಮಲಗಿದ್ದವನು ಬೆಳಗಾಗುವುದರೊಳಗೆ ಹೊರರಾಜ್ಯದವನಾದ. ಒಂದು ಹೆಜ್ಜೆಯನ್ನೂ ಇಡದೆ. 1960ರ ಮೇ 1ರಂದು ಮಹಾರಾಷ್ಟ್ರ ರೂಪುಗೊಂಡಾಗ ಅದು ಇನ್ನಷ್ಟು ಖಚಿತವಾಯಿತು. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರು ಇಂದಿಗೂ ತಮ್ಮ ತಾತಮುತ್ತಾತಂದಿರ ಮನೆಯಲ್ಲೇ ವಾಸವಾಗಿದ್ದಾರೆ. ಅವರನ್ನು ‘ಹೊರನಾಡ ಕನ್ನಡಿಗರು’ ಎಂದು ಕರೆಯುವಾಗ ಹೊರಗೆ ಹೋದದ್ದು ಯಾರು, ನಾಡೋ ಅವರೋ ಎಂದು ನಾವು ಯೋಚಿಸಬೇಕು.

ಈಗ ನಮ್ಮ ಸಂಸ್ಥೆಗಳ ಹೆಸರುಗಳನ್ನು ಹುಟ್ಟಿದ ವರ್ಷದ ಸಾಲಿನಲ್ಲಿ ಇಟ್ಟು ನೋಡಿ. ಮೊಗವೀರ ವ್ಯವಸ್ಥಾಪಕ ಮಂಡಳಿ 1902. ಮೈಸೂರು ಅಸೋಸಿಯೇಷನ್ 1926. ಬಂಟರ ಸಂಘ 1927. ಕರ್ನಾಟಕ ಸಂಘ 1933. ಮೊದಲನೆಯದು ಮತ್ತು ಮೂರನೆಯದು ಜಾತಿಯ ಹೆಸರು, ಎರಡನೆಯದು ಒಂದು ಸಂಸ್ಥಾನದ ಹೆಸರು. ನಾಲ್ಕನೆಯದನ್ನು ಕಟ್ಟಿದವರು ಆರಿಸಿಕೊಂಡ ಹೆಸರಿನ ರಾಜ್ಯ ಆಗ ಭೂಪಟದಲ್ಲೇ ಇರಲಿಲ್ಲ. ಏಕೀಕರಣ ಆಗಲು ಇನ್ನೂ 23 ವರ್ಷ ಬೇಕಿತ್ತು. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬರಲು 40 ವರ್ಷ, ಅಂದರೆ 1973ರವರೆಗೆ ಕಾಯಬೇಕಾಯಿತು. ಊರಿನಲ್ಲಿದ್ದರೆ ಉಡುಪಿಯವನಿಗೂ ಧಾರವಾಡದವನಿಗೂ ಮುಖಾಮುಖಿಯಾಗುವ ಸಂದರ್ಭವೇ ಕಡಿಮೆ. ಇಲ್ಲಿ ಇಬ್ಬರನ್ನೂ ಒಂದೇ ಚೀಲಕ್ಕೆ ಹಾಕಿ ‘ಮದರಾಸಿ’ ಎಂದಾಗ, ಅಲ್ಲ, ನಾವು ಬೇರೆ ಎಂದು ಹೇಳಲು ಅವರಿಗೆ ಒಂದು ಪದ ಬೇಕಾಯಿತು. ಕನ್ನಡಿಗ ಎಂಬ ಗುರುತು ಧಾರವಾಡದ ಮಣ್ಣಿನಲ್ಲಿ ಬೆಳೆದಷ್ಟೇ ನಿಜವಾಗಿ ಮಾಟುಂಗದ ಈ ಕಟ್ಟಡಗಳಲ್ಲೂ ಬೆಳೆಯಿತು ಎಂದು ನಾನು ನಂಬಿದ್ದೇನೆ.

ನಾರ್ವೆಯ ಮಾನವಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ತ್ 1969ರಲ್ಲಿ ಹೇಳಿದ್ದು ಇದನ್ನೇ. ಒಂದು ಜನಾಂಗವನ್ನು ಉಳಿಸುವುದು ಅದರ ಉಡುಗೆ, ಅಡುಗೆ, ಹಾಡುಗಳ ಗಂಟು ಎಂದು ನಾವು ತಿಳಿದಿರುತ್ತೇವೆ. ಆ ಗಂಟಿನೊಳಗಿನ ವಸ್ತು ಕಾಲಕಾಲಕ್ಕೆ ಬದಲಾಗುತ್ತದೆ, ನೆರೆಯವರಿಗೂ ಹಂಚಿಹೋಗುತ್ತದೆ. ಉಳಿಯುವುದು ‘ನಾವು’ ಮತ್ತು ‘ಅವರು’ ನಡುವಿನ ಗೆರೆ. ಆ ಗೆರೆಯಾದರೋ ಒಬ್ಬರನ್ನೊಬ್ಬರು ಮುಟ್ಟುವಲ್ಲಿ, ಕೊಟ್ಟುಕೊಳ್ಳುವಲ್ಲಿ ಎಳೆಯುವಂಥದ್ದು. ನಮ್ಮದೇ ನಿದರ್ಶನ ತೆಗೆದುಕೊಳ್ಳಿ. ಕುಲಕರ್ಣಿ, ಪಾಟೀಲ, ದೇಸಾಯಿ ಎಂಬ ಅಡ್ಡಹೆಸರುಗಳು ಗಡಿಯ ಎರಡೂ ಕಡೆ ಇವೆ. ಹೆಸರು ಕೇಳಿ ಯಾರು ಕನ್ನಡಿಗ, ಯಾರು ಮರಾಠಿಗ ಎಂದು ಹೇಳಲಾಗದು. ಆದರೂ ಗೆರೆ ಇದೆ. (‘ಅಡ್ಡಹೆಸರು’ ಎಂದರೆ ಧಾರವಾಡದ ಕಡೆ ಮನೆತನದ ಹೆಸರು. ನಮ್ಮ ಹಾಸನದ ಕಡೆ ಗೆಳೆಯರು ಇಟ್ಟು ಕರೆಯುವ ಹೆಸರು. ಗುಮಾಸ್ತರು ಕನ್ನಡದಲ್ಲೇ ಕೇಳಿದ್ದರೂ ನನ್ನ ತಂದೆಗೆ ಉತ್ತರ ಹೊಳೆಯುತ್ತಿರಲಿಲ್ಲ.)

ಗೆರೆ ಇದ್ದ ಮಾತ್ರಕ್ಕೆ ಕೇಡಾಗಬೇಕೆಂದಿಲ್ಲ. ಅದು ಯಾವಾಗ ಕತ್ತಿಯ ಅಲುಗಾಗುತ್ತದೆ ಎಂಬುದನ್ನು ತನ್ನ ಜೀವವನ್ನೇ ಒತ್ತೆಯಿಟ್ಟು ತಿಳಿದವನು ಹೆನ್ರಿ ತಾಜ್‌ಫೆಲ್. 1919ರಲ್ಲಿ ಪೋಲೆಂಡಿನ ಯೆಹೂದಿ ಮನೆಯಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಓದುತ್ತಿದ್ದಾಗ ಎರಡನೇ ಮಹಾಯುದ್ಧ ಬಂತು. ಫ್ರೆಂಚ್ ಸೈನ್ಯ ಸೇರಿದ, ಜರ್ಮನರ ಕೈಗೆ ಸಿಕ್ಕಿಬಿದ್ದ. ಯೆಹೂದಿ ಎಂಬುದನ್ನು ಅವನು ಮುಚ್ಚಿಡಲಿಲ್ಲ, ಪೋಲೆಂಡಿನವನು ಎಂಬುದನ್ನು ಮುಚ್ಚಿಟ್ಟ. ಫ್ರೆಂಚ್ ಯುದ್ಧಕೈದಿ ಎಂದು ಬಗೆದದ್ದರಿಂದ ಅವನು ಉಳಿದ. ಮನೆಗೆ ಹಿಂತಿರುಗಿದಾಗ ಅವನ ಬಂಧುಬಳಗದ ಬಹುತೇಕರು ಉಳಿದಿರಲಿಲ್ಲ. ಮನುಷ್ಯ ಅದೇ, ಗುಣ ಅದೇ. ಕಾಗದದ ಮೇಲೆ ಯಾವ ಪದವಿದೆ ಎಂಬುದರ ಮೇಲೆ ಸಾವು ಬದುಕು ನಿಂತಿತ್ತು.

ಮುಂದೆ ಅವನು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕನಾದ. 1970ರ ಆಸುಪಾಸಿನಲ್ಲಿ ಶಾಲಾ ಬಾಲಕರ ಮೇಲೆ ಒಂದು ಪ್ರಯೋಗ ಮಾಡಿದ. ಹುಡುಗರಿಗೆ ಕ್ಲೀ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರ ತೋರಿಸಿ, ಯಾವುದು ಇಷ್ಟ ಎಂದು ಕೇಳಿ, ಅದರ ಮೇಲೆ ಎರಡು ಗುಂಪು ಮಾಡಿದ್ದೇವೆ ಎಂದು ಹೇಳಲಾಯಿತು. ನಿಜವಾಗಿ ಹಾಗೆ ಹಂಚಿರಲೇ ಇಲ್ಲ, ಮನಸ್ಸಿಗೆ ಬಂದಂತೆ ಹಂಚಿದ್ದರು. ಗುಂಪಿನಲ್ಲಿ ಇನ್ನಾರಿದ್ದಾರೆ ಎಂಬುದೂ ಗೊತ್ತಿಲ್ಲ. ಆಮೇಲೆ ಒಬ್ಬೊಬ್ಬರೂ ಬೇರೆ ಇಬ್ಬರಿಗೆ ಅಂಕ ಹಂಚಬೇಕು, ಅಂಕಕ್ಕೆ ಹಣ ಸಿಗುತ್ತದೆ. ತಮಗೆ ಸ್ವತಃ ಏನೂ ಸಿಗುವುದಿಲ್ಲ. ಹುಡುಗರು ತಮ್ಮ ಗುಂಪಿನವನಿಗೆ ಹೆಚ್ಚು ಕೊಟ್ಟರು. ಅಷ್ಟೇ ಆಗಿದ್ದರೆ ಆಶ್ಚರ್ಯವಿಲ್ಲ. ತಮ್ಮವನಿಗೆ ಸಿಗುವುದು ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಇನ್ನೊಂದು ಗುಂಪಿನವನಿಗಿಂತ ಅದು ಮೇಲಿರಬೇಕು ಎಂಬ ಕಡೆಗೆ ಅವರು ವಾಲಿದರು. ಲಾಭಕ್ಕಿಂತ ಅಂತರ ದೊಡ್ಡದಾಯಿತು. ದ್ವೇಷಕ್ಕೆ ಹಳೆಯ ಜಗಳ ಬೇಕಿಲ್ಲ, ಭಾಷೆ ಬೇಕಿಲ್ಲ, ಮತ ಬೇಕಿಲ್ಲ. ಗುಂಪಿಗೊಂದು ಹೆಸರಿಟ್ಟರೆ ಸಾಕು, ಪಕ್ಷಪಾತ ತಾನಾಗಿ ಮೊಳೆಯುತ್ತದೆ. ಈ ಪ್ರಯೋಗವನ್ನು ಕಲಿಸುವಾಗ ಪ್ರತಿ ವರ್ಷವೂ ನನ್ನ ಕೊರಳು ಒಣಗುತ್ತಿತ್ತು.

ಏಕೆಂದರೆ ನಾವು ಅದನ್ನು ಈ ನಗರದಲ್ಲಿ ಕಂಡಿದ್ದೇವೆ. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಗುರಿ ದಕ್ಷಿಣ ಭಾರತೀಯರು. ಕಚೇರಿಗಳಲ್ಲಿ ಕೆಲಸ ಕಸಿದುಕೊಂಡವರು ಎಂಬುದು ದೂರು. ಹೊರಗೆ ಹೋಗುವಾಗ ಪಂಚೆ ಉಡಬೇಡಿ ಎಂದು ಅಮ್ಮ ತಂದೆಗೆ ಹೇಳಿದ್ದು ನನಗೆ ನೆನಪಿದೆ. ಪಂಚೆ ಅದುವರೆಗೆ ಬರಿಯ ಬಟ್ಟೆಯಾಗಿತ್ತು. ನಮ್ಮ ಚಾಳಿನಲ್ಲಿ ಎದುರು ಖೋಲಿಯ ಮರಾಠಿ ಆಜಿಗೆ ಅಮ್ಮ ಹುಳಿ ಕಳಿಸುವುದು ಆ ದಿನಗಳಲ್ಲೂ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಅದನ್ನು ಹೇಳಿ ಭಯವನ್ನು ತೇಲಿಸಿಬಿಡುವುದು ನ್ಯಾಯವಲ್ಲ. ಎರಡೂ ಒಂದೇ ಮೆಟ್ಟಿಲಿನ ಮೇಲೆ ಇದ್ದವು. ಇನ್ನೊಂದು ಮಾತನ್ನೂ ನಾವು ಹೇಳಿಕೊಳ್ಳಬೇಕು. ‘ಮದರಾಸಿ’ ಎಂದು ಕರೆಸಿಕೊಂಡು ನೊಂದ ನಾವೇ, ಉತ್ತರದಿಂದ ಬಂದ ಟ್ಯಾಕ್ಸಿಯವನನ್ನು, ಹಾಲಿನವನನ್ನು ‘ಭೈಯ್ಯಾ’ ಎಂದು ಕರೆದು ಅವನ ಹೆಸರು ಕೇಳದೆ ಬಿಟ್ಟಿದ್ದೇವೆ. ಬ್ರಿಸ್ಟಲ್‌ನ ಹುಡುಗರು ನಮ್ಮಿಂದ ಬಹಳ ದೂರದವರಲ್ಲ.

ಹಾಗಾದರೆ ‘ನಾನು’ ಎಂಬ ಒಬ್ಬ ವ್ಯಕ್ತಿಗೆ ಈ ಗುಂಪುಗಳ ನಡುವೆ ಸ್ವಂತದ್ದು ಏನಾದರೂ ಉಳಿಯುತ್ತದೆಯೇ? ಬರ್ಲಿನ್ನಿನ ಗಿಯಾರ್ಗ್ ಸಿಮ್ಮೆಲ್ 1908ರಲ್ಲಿ ಇದಕ್ಕೆ ಕೊಟ್ಟ ಉತ್ತರ ನನಗೆ ಇಂದಿಗೂ ಅತ್ಯಂತ ಇಷ್ಟವಾದದ್ದು. ಹಳೆಯ ಸಮಾಜದಲ್ಲಿ ಮನುಷ್ಯನ ವರ್ತುಲಗಳು ಒಂದರೊಳಗೊಂದು ಇರುತ್ತಿದ್ದವು: ಮನೆ, ಅದರ ಸುತ್ತ ಕುಲ, ಅದರ ಸುತ್ತ ಊರು. ಒಂದು ಗೊತ್ತಾದರೆ ಉಳಿದದ್ದೂ ಗೊತ್ತಾದಂತೆ. ನಗರದಲ್ಲಿ ವರ್ತುಲಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಅರಕಲಗೂಡಿನಲ್ಲಿ ನನ್ನ ಅಜ್ಜನನ್ನು “ಯಾರ ಪೈಕಿ?” ಎಂದು ಕೇಳಿದರೆ ಒಂದೇ ಉತ್ತರ. ಇಲ್ಲಿ ನಾನು ಹಾಸನದವನು, ತುಳುವರ ಅಳಿಯ, ಡೊಂಬಿವಲಿಯ ಹೌಸಿಂಗ್ ಸೊಸೈಟಿಯ ಮರಾಠಿ ನಡಾವಳಿ ಬರೆಯುವವನು, ಕಾಲೇಜಿನ ಶಿಕ್ಷಕರ ಸಂಘದ ಸದಸ್ಯ, ಮೂವತ್ತು ವರ್ಷ ಒಂದೇ ಲೋಕಲ್ ರೈಲಿನ ಒಂದೇ ಡಬ್ಬಿಯಲ್ಲಿ ತಾಳ ಹಿಡಿದು ಭಜನೆ ಹಾಡಿದ ಗುಂಪಿನವನು. ಈ ಐದೂ ವರ್ತುಲಗಳು ಕೂಡುವ ಬಿಂದುವಿನಲ್ಲಿ ನಿಲ್ಲುವವನು ನಾನೊಬ್ಬನೇ. ಗುಂಪುಗಳು ಹೆಚ್ಚಾದಷ್ಟೂ ವ್ಯಕ್ತಿ ಕರಗುವುದಿಲ್ಲ, ಇನ್ನಷ್ಟು ಸ್ಪಷ್ಟವಾಗುತ್ತಾನೆ. ಆ ರೈಲಿನ ಗೆಳೆಯರಿಗೆ ನನ್ನ ಜಾತಿ ಇಂದಿಗೂ ಗೊತ್ತಿಲ್ಲ. ನಾನು ಯಾವ ಸ್ಟೇಷನ್ನಿನಲ್ಲಿ ಹತ್ತುತ್ತೇನೆ, ನನಗೆ ಯಾವ ಅಭಂಗ ಬರುತ್ತದೆ ಎಂಬುದು ಗೊತ್ತು.

ಹೀಗೆ ಹೇಳುವಾಗ ನನಗೆ ಒಬ್ಬ ವಿದ್ಯಾರ್ಥಿ ನೆನಪಾಗುತ್ತಾನೆ. ವರ್ತುಲಗಳನ್ನು ಹೀಗೆ ದಾಟುವುದು ಎಲ್ಲರಿಗೂ ಇಷ್ಟು ಸುಲಭವಲ್ಲ. ಅವನ ಮನೆಯವರು ಕಲಬುರಗಿ ಜಿಲ್ಲೆಯಿಂದ ಕಟ್ಟಡ ಕೆಲಸಕ್ಕೆ ಬಂದ ದಲಿತರು. ‘ಆಡನಾವ್’ ಖಾನೆ ನಮ್ಮ ತಂದೆಗೆ ಕಿರಿಕಿರಿ ತಂದರೆ, ಅವನ ತಂದೆಗೆ ಅದೊಂದು ಅವಕಾಶವಾಗಿ ಕಂಡಿತ್ತು. ಊರಿನಲ್ಲಿ ಕರೆಯುತ್ತಿದ್ದ ಹೆಸರನ್ನು ಬಿಟ್ಟು, ಯಾರಿಗೂ ಏನೂ ಸೂಚಿಸದ ಒಂದು ಹೆಸರನ್ನು ಅವರು ಬರೆಸಿದರು. ಕಳಂಕದ ಬಗ್ಗೆ 1963ರಲ್ಲಿ ಬರೆದ ಪುಸ್ತಕದಲ್ಲಿ ಗಾಫ್‌ಮನ್ ಇಬ್ಬರನ್ನು ಬೇರ್ಪಡಿಸುತ್ತಾನೆ: ಕಳಂಕ ಕಣ್ಣಿಗೆ ಕಾಣುವವನು, ಮತ್ತು ಕಾಣದಿದ್ದರೂ ಎಂದೋ ಒಂದು ದಿನ ಬಯಲಾದೀತು ಎಂದು ಅಂಜುವವನು. ಎರಡನೆಯವನು ಪ್ರತಿ ಮಾತನ್ನೂ ತೂಗಿ ಆಡಬೇಕು. “ಸರ್, ನನ್ನ ಹೆಸರು ಏನನ್ನೂ ಹೇಳುವುದಿಲ್ಲ, ಆದ್ದರಿಂದಲೇ ಎಲ್ಲರೂ ಊರು ಕೇಳುತ್ತಾರೆ, ಊರು ಹೇಳಿದರೆ ಓಣಿ ಕೇಳುತ್ತಾರೆ” ಎಂದಿದ್ದ ಅವನು. ಇದರ ಮೇಲೆ ಕಾನೂನಿನ ಇನ್ನೊಂದು ಪೆಟ್ಟು. ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿ ಸಂವಿಧಾನದ 341 ಮತ್ತು 342ನೇ ವಿಧಿಗಳ ಪ್ರಕಾರ ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು. ಆಂಧ್ರದಿಂದ ಬಂದು ಮುಂಬಯಿಯಲ್ಲಿ ವೈದ್ಯಕೀಯ ಸೀಟು ಕೇಳಿದವರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರಲ್ಲಿ, ವಲಸೆ ಹೋದವರಿಗೆ ಹೊಸ ರಾಜ್ಯದಲ್ಲಿ ಆ ಸ್ಥಾನಮಾನದ ಸೌಲಭ್ಯ ಸಿಗದು ಎಂದು ತೀರ್ಪಿತ್ತಿತು. ಅವಮಾನ ಟಿಕೆಟ್ಟಿಲ್ಲದೆ ಅವನ ಜೊತೆ ರೈಲು ಹತ್ತಿ ಬಂತು, ರಕ್ಷಣೆ ಗಡಿಯಲ್ಲೇ ಇಳಿದುಹೋಯಿತು. ಕಟ್ಟಡ ಕಟ್ಟಿದವರ ಮಕ್ಕಳಿಗೆ ಇದು ದೊಡ್ಡ ಅನ್ಯಾಯ ಎಂದು ನಾನು ಈ ವೇದಿಕೆಯಿಂದ ಹೇಳಲೇಬೇಕು.

ಹೆಸರಿನ ವಿಷಯ ಬಂದದ್ದರಿಂದ ಒಂದು ಸಣ್ಣ ಸಂಗತಿ. ನಮ್ಮ ನಾಡಿನ ಬಹು ದೊಡ್ಡ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1916ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಪದವಿಯ ನಂತರ ಇದೇ ಮುಂಬಯಿ ವಿಶ್ವವಿದ್ಯಾಲಯಕ್ಕೆ ಬಂದು ಜಿ. ಎಸ್. ಘುರ್ಯೆ ಅವರ ಶಿಷ್ಯರಾದವರು. ಕೊಡವರ ಮೇಲಿನ ಅವರ ಸಂಶೋಧನೆ ಶುರುವಾದದ್ದು ಇಲ್ಲಿ. ಅವರ ಇನಿಷಿಯಲ್‌ಗಳಲ್ಲಿ ‘ಎಂ’ ಎಂದರೆ ಮೈಸೂರು, ‘ಎನ್’ ಎಂದರೆ ನರಸಿಂಹಾಚಾರ್. ಜಗತ್ತಿನ ಎಲ್ಲ ಗ್ರಂಥಾಲಯಗಳಲ್ಲೂ ಅವರು ‘ಶ್ರೀನಿವಾಸ್’ ಎಂಬ ಮನೆತನದವರು. ತೊಟ್ಟಿಲಲ್ಲಿ ಇಟ್ಟ ಹೆಸರು ಕೊನೆಯ ಖಾನೆಗೆ ಹೋಗಿ ಕುಳಿತಿದೆ. ಜಾತಿ ಪದ್ಧತಿಯಲ್ಲಿ ಗುಂಪುಗಳು ಮೇಲೇರಲು ತಮ್ಮ ಹೆಸರು, ಆಚಾರಗಳನ್ನು ಹೇಗೆ ಬದಲಿಸಿಕೊಳ್ಳುತ್ತವೆ ಎಂದು ಜಗತ್ತಿಗೆ ತೋರಿಸಿದವರ ಹೆಸರನ್ನೂ ಖಾನೆ ಬಿಡಲಿಲ್ಲ.

ಖಾನೆಯ ಎದುರು ಉತ್ತರವಿಲ್ಲದೆ ನಿಂತದ್ದು ನನಗೆ ಇನ್ನೊಮ್ಮೆ ಆದದ್ದು ಮದುವೆಯ ಮಾತುಕತೆಯಲ್ಲಿ. ನನ್ನ ಅತ್ತೆ ಕಾರ್ಕಳದ ಕಡೆಯವರು. ಸಂಬಳ ಕೇಳಲಿಲ್ಲ, ಮನೆ ಕೇಳಲಿಲ್ಲ, “ನಿಮ್ಮ ಬರಿ ಯಾವುದು?” ಎಂದು ಕೇಳಿದರು. ಬರಿ ಎಂದರೆ ವಂಶದ ಕವಲು, ಕನ್ನಡದಲ್ಲಿ ಬಳಿ ಎನ್ನುತ್ತಾರೆ. ತುಳುನಾಡಿನ ಅಳಿಯಸಂತಾನದ ಸಮುದಾಯಗಳಲ್ಲಿ ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಒಂದೇ ಬರಿಯವರು ಮದುವೆಯಾಗುವಂತಿಲ್ಲ. ನನಗೆ ಬರಿ ಇಲ್ಲ ಎಂದಾಗ ಅವರು ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು. ಇವನಿಗೆ ತಾಯಿಯ ಕಡೆಯ ಬೇರೇ ಇಲ್ಲವಲ್ಲ ಎಂಬಂತೆ. ಅದೇ ಅತ್ತೆಯ ರೇಷನ್ ಕಾರ್ಡಿನಲ್ಲಿ ಅವರ ಹೆಸರಿನ ಪಕ್ಕ ಗಂಡನ ಹೆಸರು, ಕೊನೆಗೆ ಗಂಡನ ಮನೆತನ. ಮುಂಬಯಿಯ ರೂಢಿಯಲ್ಲಿ ಮದುವೆಯಾದ ಹೆಣ್ಣಿನ ಹೆಸರಿನ ಮೂರರಲ್ಲಿ ಎರಡು ಭಾಗ ಬದಲಾಗುತ್ತದೆ. ತಾಯಿಯಿಂದ ಮಗಳಿಗೆ ಇಳಿದು ಬಂದ ಬರಿಗೆ ಯಾವ ನಮೂನೆಯಲ್ಲೂ ಜಾಗವಿರಲಿಲ್ಲ. ಸರ್ಕಾರಿ ದಾಖಲೆಗಳಲ್ಲಿ ತಾಯಿಯ ಹೆಸರನ್ನೂ ಸೇರಿಸಬೇಕೆಂದು ಮಹಾರಾಷ್ಟ್ರ ಸರ್ಕಾರ 2024ರಲ್ಲಿ ನಿರ್ಧರಿಸಿದಾಗ ಅತ್ತೆ ಇರಲಿಲ್ಲ. ಇದ್ದಿದ್ದರೆ, ಇಷ್ಟು ತಡವೇಕೆ ಎಂದು ಕೇಳುತ್ತಿದ್ದರು.

ಇನ್ನು ನಮ್ಮ ಮೊಮ್ಮಕ್ಕಳ ಮಾತು. ಅಮೆರಿಕದಲ್ಲಿ ವಲಸಿಗರ ಮೂರನೇ ತಲೆಮಾರನ್ನು ನೋಡಿ ಹರ್ಬರ್ಟ್ ಗ್ಯಾನ್ಸ್ 1979ರಲ್ಲಿ ‘ಸಾಂಕೇತಿಕ ಜನಾಂಗೀಯತೆ’ ಎಂಬ ಪದ ಬಳಸಿದರು. ಭಾಷೆ ಹೋಗಿರುತ್ತದೆ, ಸಂಘದ ಹಂಗೂ ಇರುವುದಿಲ್ಲ. ಹಬ್ಬಕ್ಕೊಂದು ತಿಂಡಿ, ವರ್ಷಕ್ಕೊಂದು ಉತ್ಸವ, ಅಷ್ಟರಲ್ಲಿ ಗುರುತು ಮುಗಿಯುತ್ತದೆ. ನಮ್ಮ ಸಂಘಗಳಲ್ಲಿ ಹಿರಿಯರು ಹೇಳುವ ದುಃಖವೂ ಇದೇ. ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತಾ ಬಂದಿದೆ, ಆದರೆ ನಮ್ಮಲ್ಲೇ ಎಷ್ಟು ಜನ ಮಕ್ಕಳನ್ನು ಅಲ್ಲಿಗೆ ಕಳಿಸಿದ್ದೇವೆ? ನಾನೂ ಕಳಿಸಲಿಲ್ಲ. ಆದರೂ ಗ್ಯಾನ್ಸರ ಮಾತನ್ನು ಪೂರ್ತಿ ಒಪ್ಪಲು ನನಗೆ ಮನಸ್ಸಿಲ್ಲ. ಕಳೆದ ವರ್ಷ ಯಕ್ಷಗಾನದ ತಾಲೀಮಿನಲ್ಲಿ ಒಬ್ಬ ಹನ್ನೆರಡು ವರ್ಷದ ಹುಡುಗಿ ಅಭಿಮನ್ಯುವಿನ ಅರ್ಥವನ್ನು, ಅಂದರೆ ಪಾತ್ರದ ಮಾತನ್ನು, ಕಾಗದ ನೋಡಿ ಬಾಯಿಪಾಠ ಮಾಡುತ್ತಿದ್ದಳು. ಕಾಗದ ಇಸಿದುಕೊಂಡು ನೋಡಿದರೆ ಕನ್ನಡದ ಮಾತುಗಳು ದೇವನಾಗರಿಯಲ್ಲಿದ್ದವು. ಅವಳಿಗೆ ನಮ್ಮ ಲಿಪಿ ಬಾರದು. ‘ಳ’ಕಾರ, ಒತ್ತಕ್ಷರ ಎಲ್ಲವನ್ನೂ ಕಿವಿಯಿಂದ ಹಿಡಿದಿದ್ದಳು. ಇದಕ್ಕಾಗಿ ಮೂರು ತಿಂಗಳ ಭಾನುವಾರಗಳನ್ನು ಕೊಟ್ಟಿದ್ದಳು. ಬೆಲೆ ತೆರದೆ ಸಿಕ್ಕ ಗುರುತು ಎಂದು ಇದನ್ನು ಹೇಗೆ ಕರೆಯುವುದು?

ನನ್ನ ಮಾತು ಇಲ್ಲಿಗೆ ನಿಂತಿತ್ತು. ಆಗ ಹಿಂದಿನ ಸಾಲಿನಿಂದ ಕಾಲೇಜು ಓದುವ ಒಬ್ಬ ಹುಡುಗಿ ಎದ್ದು ಹಿಂದಿ ಬೆರೆತ ಕನ್ನಡದಲ್ಲಿ ಕೇಳಿದಳು: “2027ರ ಜನಗಣತಿಯವರು ಮನೆಗೆ ಬಂದಾಗ ಮಾತೃಭಾಷೆ ಏನೆಂದು ಬರೆಸಲಿ?” ಅವಳ ತಾಯಿ ತುಳುವಿನವರು, ತಂದೆ ಗದಗದವರು. ಜನಗಣತಿಯಲ್ಲಿ ಮಾತೃಭಾಷೆಗೆ ಒಂದು ವಿವರಣೆಯಿದೆ ಎಂದೆ: ಬಾಲ್ಯದಲ್ಲಿ ತಾಯಿ ನಿನ್ನೊಡನೆ ಆಡಿದ ಭಾಷೆ. 2011ರಲ್ಲಿ ಜನ ಬರೆಸಿದ ಮಾತೃಭಾಷೆಗಳ ಹೆಸರು 19,569 ಇದ್ದವು. ಪರಿಶೀಲಿಸಿ, ಕೂಡಿಸಿ, ಹತ್ತು ಸಾವಿರಕ್ಕೂ ಹೆಚ್ಚು ಜನರಾಡುವ 121 ಭಾಷೆಗಳ ಪಟ್ಟಿ ಮಾಡಿದರು. ತುಳು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಇಲ್ಲದಿದ್ದರೂ ಆ ಪಟ್ಟಿಯಲ್ಲಿದೆ, 18 ಲಕ್ಷಕ್ಕೂ ಹೆಚ್ಚು ಜನ ಅದನ್ನು ಬರೆಸಿದ್ದಾರೆ. ನಿನ್ನ ಉತ್ತರವೂ ಎಣಿಕೆಗೆ ಬರುತ್ತದೆ ಎಂದೆ.

ಅವಳ ಪಕ್ಕದಲ್ಲಿ ಕುಳಿತಿದ್ದ ತಾಯಿ ಎದ್ದರು. “ಸರ್, ನಾನು ಇವಳ ಜೊತೆ ಹಿಂದಿಯಲ್ಲೇ ಮಾತಾಡಿದೆ. ಬಾಲವಾಡಿಯಲ್ಲಿ ಇವಳು ಅಳುತ್ತಿದ್ದಳು, ಯಾರ ಮಾತೂ ಇವಳಿಗೆ ತಿಳಿಯುತ್ತಿರಲಿಲ್ಲ. ಟೀಚರ್ ಹೇಳಿದರು, ಮನೆಯಲ್ಲೂ ಹಿಂದಿ ಆಡಿ ಎಂದು. ತುಳು ಆಡಿದ್ದು ಮಲಗಿಸುವಾಗ ಮಾತ್ರ, ಇವಳು ಅರೆನಿದ್ದೆಯಲ್ಲಿ ಇರುವಾಗ.”

ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ನಾನು ನಮೂನೆಯ ಮುಂದಿನ ಸಾಲನ್ನು ನೆನಪಿಸಿದೆ: ಮಾತೃಭಾಷೆಗೆ ಒಂದು ಖಾನೆ, ಬಲ್ಲ ಇತರ ಭಾಷೆಗಳಿಗೆ ಎರಡು, ಒಟ್ಟು ಮೂರು. ತಾಯಿ ಬೆರಳು ಮಡಚಿ ಎಣಿಸತೊಡಗಿದರು: ತುಳು, ಕನ್ನಡ, ಹಿಂದಿ, ಮರಾಠಿ, ಇಂಗ್ಲಿಷ್. ಮೈಕು ಆರಿಸಿ ಕೆಳಗೆ ಬಂದು ಚಪ್ಪಲಿ ಹುಡುಕುವಾಗಲೂ ಮೆಟ್ಟಿಲ ಮೇಲೆ ಅವರಿಬ್ಬರ ದನಿ ಕೇಳುತ್ತಿತ್ತು. ಮಗಳು ಮರಾಠಿಯನ್ನು ಬಿಡಲು ಒಪ್ಪುತ್ತಿರಲಿಲ್ಲ, ಅವಳ ಗೆಳತಿಯರೆಲ್ಲ ಅದರಲ್ಲೇ ಇದ್ದರು. ತಾಯಿ ತುಳುವಿನಲ್ಲಿ ಏನೋ ಹೇಳಿದರು, ಮಗಳು ಹಿಂದಿಯಲ್ಲಿ ಉತ್ತರ ಕೊಟ್ಟಳು.